ಮೊಸರಿನಲ್ಲಿ ಕಲ್ಲು

ನಮ್ಮಲ್ಲಿ ತಪ್ಪು ಹುಡುಕುವವರಿಗೆ ಒಳ್ಳೆಯ ಹೆಸರಿಲ್ಲ. ಹುಡುಕುವವಳು ಹೆಣ್ಣಾದರಂತೂ ಮುಗಿದೇ ಹೋಯಿತು. ಸಾರಿಗೆ ಉಪ್ಪು ಸಾಲದು ಎಂದ ಅತ್ತೆಗೂ, ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚಾಗಿದೆ ಎಂದು ಅಂಗಡಿಯವನ ಮುಂದೆ ಚೀಟಿ ಹಿಡಿದು ನಿಂತ ಸೊಸೆಗೂ ಒಂದೇ ಬಿರುದು: ಮೊಸರಿನಲ್ಲಿ ಕಲ್ಲು ಹುಡುಕುವವಳು! ಅದೇ ಹೆಂಗಸು ಮೊರ ಹಿಡಿದು ಕೂತು ಅಕ್ಕಿಯಲ್ಲಿ ಕಲ್ಲು ಹುಡುಕಿದರೆ ಯಾರೂ ಚಕಾರವೆತ್ತುವುದಿಲ್ಲ. ಊಟದ ನಡುವೆ ಹಲ್ಲಿಗೆ ಕಲ್ಲು ಸಿಕ್ಕಿದಾಗ ಮಾತ್ರ, ‘ಅಕ್ಕಿ ಆರಿಸಿದವರು ಯಾರು?’ ಎಂದು ಎಲ್ಲರೂ ಕೇಳುತ್ತಾರೆ. ಆರಿಸುವುದಕ್ಕೆ ಅವಳಿಗೆ ಎಷ್ಟು ಹೊತ್ತು ಕೊಟ್ಟಿದ್ದೆವು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಈ ಕೊನೆಯ ಪ್ರಶ್ನೆ ನನ್ನ ತಲೆಯಲ್ಲಿ ಕೂತದ್ದು ತಂಗಿಯ ಮಗಳ ಉದ್ಯೋಗದ ದೆಸೆಯಿಂದ. ಅವಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಟೆಸ್ಟಿಂಗ್ ವಿಭಾಗದಲ್ಲಿದ್ದಾಳೆ. ಬೇರೆಯವರು ಬರೆದ ಪ್ರೋಗ್ರಾಂ ಗಿರಾಕಿಯ ಕೈ ಸೇರುವ ಮುಂಚೆ ಅದರಲ್ಲಿ ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕುವುದು ಅವಳ ಕೆಲಸ. ಈಗ ಒಂಬತ್ತು ಜನರ ತಂಡವನ್ನು ನೋಡಿಕೊಳ್ಳುತ್ತಾಳೆ. ಇದನ್ನು ನೆಂಟರಿಷ್ಟರಿಗೆ ವಿವರಿಸುವುದೇ ಒಂದು ಕಷ್ಟ. ‘ಓಹೋ, ಬರೆಯುವವಳಲ್ಲ, ಬರೆದದ್ದನ್ನು ನೋಡುವವಳು! ಅಷ್ಟಕ್ಕೆ ಇಂಜಿನಿಯರಿಂಗ್ ಏಕೆ ಬೇಕಿತ್ತು?’ ಎಂದು ಮದುವೆ ಮನೆಯೊಂದರಲ್ಲಿ ಹಿರಿಯರೊಬ್ಬರು ಕೇಳಿಯೇ ಬಿಟ್ಟರು.

ಮೇಷ್ಟರ ಕೆಲಸ ಮಾಡುವ ನನಗೆ ಅದು ವಿಚಿತ್ರವೆನಿಸಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಶಾಲೆಯ ಮಕ್ಕಳ ಉತ್ತರಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ಬರಬಾರದು ಕೂಡ. ಹೆತ್ತವರಿಗೆ ಹೆಗ್ಗಣ ಮುದ್ದು, ಕಲಿಸಿದವರಿಗೂ ಅಷ್ಟೇ. ಅಮೆರಿಕದ ಗ್ಲೆನ್‌ಫೋರ್ಡ್ ಮೈಯರ್ಸ್ ಎಂಬುವರು 1979ರಲ್ಲಿ ಈ ವಿದ್ಯೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇದೇ ನಿಯಮವನ್ನು ಹೇಳಿದ್ದಾರೆ: ತಾನು ಬರೆದ ಪ್ರೋಗ್ರಾಮನ್ನು ತಾನೇ ಪರೀಕ್ಷಿಸಬಾರದು. ಅವರ ಇನ್ನೊಂದು ಮಾತು ನನಗೆ ಇನ್ನೂ ಹಿಡಿಸಿತು. ತಪ್ಪು ಸಿಕ್ಕಿದರೆ ಆ ಪರೀಕ್ಷೆ ಗೆದ್ದಂತೆ ಎನ್ನುತ್ತಾರೆ ಅವರು. ಎಲ್ಲ ಸರಿಯಿದೆ ಎಂದು ತೋರಿಸುವ ಆಸೆಯಿಂದ ಹೊರಟವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದಲ್ಲ!

ಬಿ.ಇಡಿ. ಓದಿದವರಿಗೆಲ್ಲ ಗೊತ್ತು, ಪ್ರಶ್ನೆಪತ್ರಿಕೆ ಬರೆಯುವ ಮುಂಚೆ ನೀಲನಕ್ಷೆ ತಯಾರಿಸಬೇಕು. ಯಾವ ಪಾಠಕ್ಕೆ ಎಷ್ಟು ಅಂಕ, ತಿಳಿವಳಿಕೆಗೆ ಎಷ್ಟು, ಅನ್ವಯಕ್ಕೆ ಎಷ್ಟು, ಸುಲಭದ್ದು ಎಷ್ಟು, ಕಠಿಣದ್ದು ಎಷ್ಟು ಎಂದು ಚೌಕ ಹಾಕಿ ತುಂಬುತ್ತೇವೆ. ಅವಳ ಕೆಲಸವೂ ಇಂಥದೇ ನಕ್ಷೆಯಿಂದ ಶುರುವಾಗುತ್ತದೆ. ಏನನ್ನು ಪರೀಕ್ಷಿಸಬೇಕು, ಏನನ್ನು ಬಿಡಬೇಕು, ಯಾರು ಮಾಡಬೇಕು, ಎಷ್ಟು ದಿನ ಬೇಕು, ಯಾವ ಹಂತದಲ್ಲಿ ‘ಇನ್ನು ಸಾಕು’ ಎನ್ನಬೇಕು, ಎಲ್ಲವನ್ನೂ ಮೊದಲೇ ಬರೆದಿಡುತ್ತಾರೆ.

‘ಬಿಡುವುದೇಕೆ? ಎಲ್ಲವನ್ನೂ ನೋಡಬಾರದೆ?’ ಎಂದು ಒಮ್ಮೆ ಕೇಳಿದೆ. ಅವಳು ನಕ್ಕು ಒಂದು ಲೆಕ್ಕ ಹೇಳಿದಳು. ಹೌದು, ಅಲ್ಲ ಎಂದು ಗುರುತು ಹಾಕುವ ಹತ್ತು ಚೌಕಗಳ ಅರ್ಜಿ ಇದೆ ಎನ್ನಿ. ಅದನ್ನು ತುಂಬುವ ಬಗೆಗಳು 1,024. ಚೌಕಗಳು ಇಪ್ಪತ್ತಾದರೆ 10,48,576. ದೊಡ್ಡ ಸಾಫ್ಟ್‌ವೇರಿನಲ್ಲಿ ಇಂಥ ಕವಲುಗಳಿಗೆ ಕೊನೆಯೇ ಇರುವುದಿಲ್ಲ. ಪರೀಕ್ಷೆಯಿಂದ ತಪ್ಪು ಇದೆ ಎಂದು ತೋರಿಸಬಹುದೇ ಹೊರತು ತಪ್ಪೇ ಇಲ್ಲ ಎಂದು ಸಾಧಿಸಲಾಗದು ಎಂದು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿದ್ದೂ ಇದನ್ನೇ. ಅಂದ ಮೇಲೆ ನಕ್ಷೆ ಬರೆಯುವವರು ಪ್ರತಿಬಾರಿಯೂ ಒಂದು ತೀರ್ಮಾನ ಮಾಡುತ್ತಿರುತ್ತಾರೆ. ಯಾವ ಅಪಾಯವನ್ನು ಹುಡುಕಬೇಕು, ಯಾವುದನ್ನು ಕಣ್ಣಿಗೆ ಬೀಳದಂತೆ ಬಿಟ್ಟುಬಿಡಬೇಕು ಎಂಬ ತೀರ್ಮಾನ ಅದು. ಕಾಗದದ ಮೇಲೆ ಅದು ದಿನಗಳ, ಜನಗಳ ಲೆಕ್ಕವಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಅದು ಧರ್ಮಾಧರ್ಮದ ಲೆಕ್ಕವೇ.

ಅಮೆರಿಕದ ಐಬಿಎಂ ಕಂಪನಿಯಲ್ಲಿ ಬಹು ದೊಡ್ಡ ಯೋಜನೆಯೊಂದನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. ಇಡೀ ಯೋಜನೆಯ ಅವಧಿಯಲ್ಲಿ ಅರ್ಧದಷ್ಟನ್ನು ಪರೀಕ್ಷೆಗೇ ಮೀಸಲಿಡಬೇಕು ಎಂಬುದು ಅವರ ಸಲಹೆ. ಪ್ರೋಗ್ರಾಂ ಬರೆಯಲು ಅವರು ಕೊಟ್ಟದ್ದು ಆರರಲ್ಲಿ ಒಂದು ಪಾಲು ಮಾತ್ರ! ತಡವಾದ ಕೆಲಸಕ್ಕೆ ಕೊನೆಯಲ್ಲಿ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದೂ ಎಚ್ಚರಿಸಿದರು. ಹೊಸಬರಿಗೆ ಕೆಲಸ ಹೇಳಿಕೊಡುವುದರಲ್ಲಿ ಹಳಬರ ಹೊತ್ತು ಹೋಗುತ್ತದೆ. ಎಷ್ಟು ಮಂದಿ ಹೆಂಗಸರನ್ನು ನೇಮಿಸಿದರೂ ಮಗು ಹುಟ್ಟಲು ಒಂಬತ್ತು ತಿಂಗಳು ಬೇಕೇ ಬೇಕು ಎಂಬ ಅರ್ಥದ ಹೋಲಿಕೆಯನ್ನೂ ಕೊಟ್ಟಿದ್ದಾರೆ. ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಸತ್ಯ ಇದು!

ಆದರೂ ನಡೆಯುವುದು ಬೇರೆ. ಪರೀಕ್ಷೆ ಕೊನೆಯ ಪಂಕ್ತಿಯಲ್ಲಿ ಕೂತ ಕೆಲಸ. ಮೊದಲ ಪಂಕ್ತಿಯ ಊಟ ತಡವಾದರೆ ಅವಸರವೆಲ್ಲ ಕೊನೆಯವರ ಪಾಲಿಗೆ. ತಂಗಿಯ ಮಗಳ ತಂಡಕ್ಕೆ ಒಮ್ಮೆ ಆದದ್ದೂ ಹೀಗೆಯೇ. ಆಸ್ಪತ್ರೆಗಳಿಗೆಂದು ತಯಾರಾಗುತ್ತಿದ್ದ ಸಾಫ್ಟ್‌ವೇರ್ ಅದು. ಬಿಲ್ಲು, ಔಷಧದ ದಾಸ್ತಾನು, ಜೊತೆಗೆ ಮಗುವಿನ ತೂಕ ಹಾಕಿದರೆ ಎಷ್ಟು ಔಷಧ ಕೊಡಬೇಕೆಂದು ತೋರಿಸುವ ಒಂದು ಭಾಗ. ಪರೀಕ್ಷೆಗೆ ಆರು ವಾರ ಎಂದು ನಕ್ಷೆಯಲ್ಲಿತ್ತು. ಬರೆಯುವವರು ನಾಲ್ಕು ವಾರ ತಡಮಾಡಿದರು. ಗಿರಾಕಿಗೆ ಕೊಟ್ಟ ತಾರೀಕು ಮಾತ್ರ ಕದಲಲಿಲ್ಲ. ಉಳಿದದ್ದು ಎರಡು ವಾರ.

ಕೊಡುವುದಕ್ಕೆ ಎರಡೇ ದಿನ ಇರುವಾಗ ತಂಡದ ಅತ್ಯಂತ ಕಿರಿಯ ಹುಡುಗಿಗೆ ಒಂದು ತಪ್ಪು ಕಣ್ಣಿಗೆ ಬಿತ್ತು. ತೂಕ 12 ಎನ್ನುವ ಬದಲು 21 ಎಂದು ಹಾಕಿ, ತಕ್ಷಣ ತಿದ್ದಿದರೆ, ಕೆಲವು ಸಲ ಪರದೆಯ ಮೇಲೆ ಹಳೆಯ ತೂಕದ ಔಷಧವೇ ಉಳಿಯುತ್ತಿತ್ತು. ಎಲ್ಲ ಸಲವೂ ಹಾಗಾಗುತ್ತಿರಲಿಲ್ಲ. ಮೇಲಿನವರು, ‘ಹಾಗೆ ಯಾರು ಮಾಡುತ್ತಾರೆ? ದಾದಿಯರಿಗೆ ತರಬೇತಿ ಕೊಡುತ್ತೇವಲ್ಲ. ನೀವು ಸಹಿ ಹಾಕಿ’ ಎಂದರು.

ಯಾರು ಮಾಡುತ್ತಾರೆ ಎಂಬ ಈ ಮಾತಿಗೆ ದೊಡ್ಡ ಚರಿತ್ರೆಯೇ ಇದೆ. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಯೋಜನೆಯ ಸಾಫ್ಟ್‌ವೇರ್ ತಂಡವನ್ನು ಮುನ್ನಡೆಸಿದವರು ಮಾರ್ಗರೆಟ್ ಹ್ಯಾಮಿಲ್ಟನ್ ಎಂಬ ಮಹಿಳೆ. ಅವರು ಪುಟ್ಟ ಮಗಳನ್ನೂ ಕೆಲಸದ ಜಾಗಕ್ಕೆ ಕರೆದೊಯ್ಯುತ್ತಿದ್ದರು. ಮಗು ಒಮ್ಮೆ ಅಲ್ಲಿದ್ದ ಗುಂಡಿಗಳನ್ನು ಒತ್ತುತ್ತ ಆಡಿ, ಹಾರಾಟದ ನಡುವೆ ಉಡಾವಣೆಯ ಪ್ರೋಗ್ರಾಮನ್ನು ಚಾಲೂ ಮಾಡಿತು. ಅಣಕು ಹಾರಾಟವೆಲ್ಲ ಕೆಟ್ಟುಹೋಯಿತು. ಗಗನಯಾತ್ರಿಯೂ ಹೀಗೆ ಮಾಡಿದರೆ ಎಂದು ತಾಯಿ ಯೋಚಿಸಿ, ಇದಕ್ಕೊಂದು ತಡೆ ಹಾಕೋಣವೆಂದರು. ಗಗನಯಾತ್ರಿಗಳು ತರಬೇತಿ ಪಡೆದವರು, ಅವರು ಇಂಥ ತಪ್ಪು ಮಾಡುವುದಿಲ್ಲ ಎಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ ಅಪೊಲೊ 8ರ ಹಾರಾಟದಲ್ಲಿ ಜಿಮ್ ಲವೆಲ್ ಎಂಬ ನುರಿತ ಯಾತ್ರಿಯ ಕೈಯಿಂದ ಆದದ್ದು ಅದೇ ತಪ್ಪು. ದಾರಿಯ ಲೆಕ್ಕಗಳು ಅಳಿಸಿಹೋಗಿ, ಭೂಮಿಯಿಂದ ಮತ್ತೆ ಕಳಿಸಬೇಕಾಯಿತು.

ಅಲ್ಲಿ ಎಲ್ಲರೂ ಕ್ಷೇಮವಾಗಿ ಮರಳಿದರು. ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಕತೆ ಹಾಗಾಗಲಿಲ್ಲ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಟೆಕ್ಸಾಸ್ ರಾಜ್ಯದ ಟೈಲರ್ ಊರಿನ ಆಸ್ಪತ್ರೆಯಲ್ಲಿ 1986ರಲ್ಲಿ ಒಂದು ಕಾರಣ ಪತ್ತೆಯಾಯಿತು. ಯಂತ್ರ ನಡೆಸುವವಳ ಬೆರಳುಗಳು ಚೆನ್ನಾಗಿ ಪಳಗಿದ್ದವು. ಒಂದು ಅಕ್ಷರ ತಪ್ಪಾದಾಗ ಅವಳು ಬೇಗನೆ ತಿದ್ದಿದ್ದಳು. ಆ ವೇಗದ ತಿದ್ದುಪಡಿಯನ್ನು ಯಂತ್ರ ಗ್ರಹಿಸಿರಲಿಲ್ಲ. ಕೆಲಸ ಚೆನ್ನಾಗಿ ಕಲಿತವರ ಕೈಯಲ್ಲೇ ಹೊರಬೀಳುವ ತಪ್ಪುಗಳೂ ಇರುತ್ತವೆ ಎಂದಾಯಿತು.

ಆ ವಾರ ಅವಳು ಫೋನ್ ಮಾಡಿ, ‘ದೊಡ್ಡಮ್ಮ, ಸಹಿ ಹಾಕಲೋ ಬೇಡವೋ?’ ಎಂದು ಕೇಳಿದಳು. ಮನೆಯ ಸಾಲ, ಮಗುವಿನ ಶಾಲೆಯ ಫೀಸು, ಆ ವರ್ಷ ಬರಬೇಕಾಗಿದ್ದ ಬಡ್ತಿ, ಎಲ್ಲವೂ ಆ ಪ್ರಶ್ನೆಯ ಹಿಂದೆ ಇದ್ದವು. ನಾನು ಕೇಳಿದ್ದು ಒಂದೇ: ಆ ಕಾಗದದಲ್ಲಿ ಏನೆಂದು ಬರೆದಿದೆ? ‘ಪರೀಕ್ಷಿಸಲಾಗಿದೆ’ ಎಂದು ಬರೆದಿದೆಯಂತೆ. ಅದು ಸುಳ್ಳಲ್ಲ, ಎರಡು ವಾರ ಪರೀಕ್ಷಿಸಿದ್ದು ನಿಜ. ಆದರೆ ಧರ್ಮರಾಯ ಅಶ್ವತ್ಥಾಮನ ವಿಷಯದಲ್ಲಿ ಆಡಿದ ಮಾತೂ ಸುಳ್ಳಾಗಿರಲಿಲ್ಲ. ಕೇಳಿದವರು ಏನು ತಿಳಿದುಕೊಳ್ಳುತ್ತಾರೆ ಎಂದು ಬಲ್ಲವನು ಆಡಿದ ಅರ್ಧ ಸತ್ಯ ಅದು.

ಸಹಿ ಹಾಕಲಾರೆ ಎಂದು ಎದ್ದು ಬಂದುಬಿಡು ಎನ್ನುವುದು ನನಗೆ ಸುಲಭವಿತ್ತು. ಅವಳು ನನಗಿಂತ ಮುಂದೆ ಯೋಚಿಸಿದ್ದಳು. ‘ನಾನು ಎದ್ದು ಬಂದರೆ ಇನ್ನೊಬ್ಬರು ಹಾಕುತ್ತಾರೆ, ದೊಡ್ಡಮ್ಮ. ಆಗ ಆ ತಪ್ಪಿನ ಸುದ್ದಿಯೂ ನನ್ನ ಜೊತೆಗೇ ಎದ್ದು ಹೋಗುತ್ತದೆ. ಅಲ್ಲದೆ ಈ ಸಾಫ್ಟ್‌ವೇರ್ ಇಲ್ಲದೆ ಆಸ್ಪತ್ರೆಗಳು ಕೈಬರಹದ ಚೀಟಿಗಳಲ್ಲಿ ಒದ್ದಾಡುತ್ತಿವೆ, ಅದರಲ್ಲೂ ತಪ್ಪಾಗುತ್ತದೆ. ಕೊಡಬೇಕೋ ಬೇಡವೋ ಎಂದು ತೂಗಿ ನೋಡುವುದು ನನ್ನೊಬ್ಬಳ ಕೆಲಸವಲ್ಲ. ತೂಗುವವರ ಮುಂದೆ ಎಲ್ಲವನ್ನೂ ಇಡುವುದು ನನ್ನ ಕೆಲಸ’ ಎಂದಳು.

ಬರೆದು ಕೊಟ್ಟರೆ ಮುಗಿಯಿತೆ, ಅದೂ ಕೈ ತೊಳೆದುಕೊಳ್ಳುವ ದಾರಿಯಲ್ಲವೆ ಎಂದು ನಾನು ವಾದಿಸಿದೆ. ಕಡತ ಸೇರಿದ ಕಾಗದವನ್ನು ಯಾರು ಓದುತ್ತಾರೆ? ಅದಕ್ಕೂ ಅವಳಲ್ಲಿ ಉತ್ತರವಿತ್ತು. ಎರಡು ಪುಟದ ವರದಿ ಬರೆದಳು. ಏನನ್ನು ನೋಡಿದ್ದೇವೆ, ಏನನ್ನು ನೋಡಲು ಹೊತ್ತು ಸಾಲಲಿಲ್ಲ, ಗೊತ್ತಿರುವ ತಪ್ಪುಗಳು ಯಾವುವು, ಅವುಗಳಿಂದ ಯಾರಿಗೆ ಏನಾಗಬಹುದು. ಎರಡನೆಯ ಪುಟದ ಕೆಳಗೆ ಖಾಲಿ ಗೆರೆ ಎಳೆದು, ‘ಇದನ್ನು ಓದಿದ್ದೇನೆ, ಆದರೂ ಔಷಧದ ಭಾಗವನ್ನು ಆಸ್ಪತ್ರೆಗೆ ಕೊಡಲು ಅನುಮತಿ ಕೊಡುತ್ತೇನೆ’ ಎಂಬ ವಾಕ್ಯ ಸೇರಿಸಿದಳು. ಆ ಗೆರೆಯ ಮೇಲೆ ಹೆಸರು ಬರೆಯಲು ಯಾರೂ ಮುಂದೆ ಬರಲಿಲ್ಲ! ಕೊನೆಗೆ ಔಷಧದ ಭಾಗವನ್ನು ತೆಗೆದಿಟ್ಟು ಉಳಿದದ್ದನ್ನು ಹೇಳಿದ ದಿನಕ್ಕೆ ಕೊಟ್ಟರು. ತೆಗೆದಿಟ್ಟದ್ದು ಏಳು ವಾರದ ಮೇಲೆ, ಸರಿಯಾದ ಮೇಲೆ, ಹೋಯಿತು.

ಆ ವರ್ಷ ಬಡ್ತಿ ಇನ್ನೊಬ್ಬರಿಗೆ ಸಿಕ್ಕಿತು. ‘ಹೊಂದಿಕೊಂಡು ಹೋಗುವ ಗುಣ ಕಡಿಮೆ’ ಎಂದು ಅವಳ ವಾರ್ಷಿಕ ವರದಿಯಲ್ಲಿ ಬರೆದರು. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂಬುದರ ಆಫೀಸು ಭಾಷೆ, ಅಷ್ಟೆ.

ಯಾರೂ ಆ ಗೆರೆ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳು ಸಾಕ್ಷಿ. ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಳಕೆಗೆ ಬಂತು. ಲೆಕ್ಕದಲ್ಲಿ ಹಣ ಕಡಿಮೆ ಎಂದು ಯಂತ್ರ ತೋರಿಸಿದಾಗ ಕಳ್ಳತನದ ಆರೋಪ ಪೋಸ್ಟ್‌ಮಾಸ್ಟರರ ತಲೆಗೆ ಬಂತು. 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಭಾರತೀಯ ಮೂಲದ ಸೀಮಾ ಮಿಶ್ರಾ ಅವರಲ್ಲೊಬ್ಬರು. 2010ರ ನವೆಂಬರಿನಲ್ಲಿ ಅವರನ್ನು ಜೈಲಿಗೆ ಕಳಿಸಿದಾಗ ಅವರು ಗರ್ಭಿಣಿ. ಅಂದು ಅವರ ಮಗನ ಹತ್ತನೆಯ ಹುಟ್ಟುಹಬ್ಬ. ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟದ್ದು 2019ರ ಡಿಸೆಂಬರಿನಲ್ಲಿ. ಸೀಮಾ ಅವರ ಶಿಕ್ಷೆ ರದ್ದಾದದ್ದು 2021ರ ಏಪ್ರಿಲಿನಲ್ಲಿ. ಗೊತ್ತಿದ್ದ ತಪ್ಪುಗಳ ಪಟ್ಟಿಯೊಂದು ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರ ಬಳಿ ಇದ್ದೇ ಇತ್ತು. ಕಟಕಟೆಯಲ್ಲಿ ನಿಂತವರ ಕೈಗೆ ಅದು ಬಂದಿರಲಿಲ್ಲ. ತಪ್ಪು ಹುಡುಕಿದರೆ ಸಾಲದು, ಅದರಿಂದ ನೋಯುವವರಿಗೆ ಅದು ತಿಳಿಯುವ ದಾರಿಯೂ ಇರಬೇಕು.

ತಪ್ಪು ಕಂಡ ಆ ಕಿರಿಯ ಹುಡುಗಿಯ ವಿಷಯ ಹೇಳಬೇಕು. ‘ಮೊದಲೇ ಏಕೆ ಹೇಳಲಿಲ್ಲ?’ ಎಂದು ಎಲ್ಲರೂ ಅವಳ ಮೇಲೆ ಹರಿಹಾಯ್ದಾಗ ನಮ್ಮ ಹುಡುಗಿ ಅಡ್ಡ ನಿಂತು, ಪ್ರಶ್ನೆ ಏನಿದ್ದರೂ ನನ್ನನ್ನು ಕೇಳಿ ಎಂದಳಂತೆ. ತಂಡ ನಡೆಸುವುದು ಎಂದರೆ ಇದೇ ಇರಬೇಕು. ಕೆಲವು ಕಡೆ ಯಾರು ಎಷ್ಟು ತಪ್ಪು ಹಿಡಿದರು, ಯಾರ ಪ್ರೋಗ್ರಾಮಿನಲ್ಲಿ ಎಷ್ಟು ಸಿಕ್ಕವು ಎಂದು ಎಣಿಸಿ ಅಂಕ ಕೊಡುತ್ತಾರಂತೆ. ಆಗ ಒಬ್ಬರು ಚಿಲ್ಲರೆ ತಪ್ಪುಗಳನ್ನು ಗುಡ್ಡೆ ಹಾಕುತ್ತಾರೆ, ಇನ್ನೊಬ್ಬರು ದೊಡ್ಡದನ್ನು ಮುಚ್ಚಿಡುತ್ತಾರೆ. ಶೇಕಡಾವಾರು ಫಲಿತಾಂಶದಿಂದಲೇ ಶಾಲೆಯನ್ನು ಅಳೆಯುವುದನ್ನು ಕಂಡಿರುವ ನಮಗೆ ಇದು ಹೊಸದಲ್ಲ. ತಪ್ಪು ಹೇಳಿದವರಿಗೆ ಪೆಟ್ಟು ಬೀಳುವ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯುವ ಪಾಠ ಬಾಯಿ ಮುಚ್ಚಿಕೊಂಡಿರುವುದು.

ಹಾಗಾಗಿ ಈ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟು. ತಪ್ಪು ಹುಡುಕುವವಳ ಧರ್ಮ, ಕಂಡದ್ದನ್ನೂ ಕಾಣಲಾಗದೆ ಉಳಿದದ್ದನ್ನೂ ಪೂರ್ತಿಯಾಗಿ ಹೇಳುವುದು. ಅದನ್ನು ಅವಳು ಮಾಡಿದ ಮೇಲೆ ಮುಂದಿನ ಹೊಣೆ ಅವಳದಲ್ಲ. ಆದರೆ ಹೊತ್ತು ನಿಗದಿ ಮಾಡುವವರ ಧರ್ಮ ಅದಕ್ಕಿಂತ ಮುಂಚೆಯೇ ಶುರುವಾಗುತ್ತದೆ. ಆರು ವಾರವನ್ನು ಎರಡು ವಾರ ಮಾಡಿದವರು, ಸತ್ಯದಲ್ಲಿ ಎಷ್ಟು ಪಾಲು ತಮಗೆ ಬೇಕು ಎಂದು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಆಮೇಲೆ ಕೆಳಗಿನವರ ಸಹಿ ಕೇಳುವುದು ತಮ್ಮ ತೀರ್ಮಾನಕ್ಕೆ ಬೇರೆಯವರ ಹೆಸರು ಹಚ್ಚುವ ಕೆಲಸ.

ಹೆಣ್ಣುಮಕ್ಕಳಿಗೆ ಹೊಂದಿಕೊಂಡು ಹೋಗು ಎಂದು ಹೇಳಿಕೊಡುವವರು ನಾವೇ. ಬೇಡವೆನ್ನುವುದಿಲ್ಲ, ಹೊಂದಿಕೆ ಇಲ್ಲದೆ ಸಂಸಾರವೂ ಇಲ್ಲ, ಶಾಲೆಯೂ ಇಲ್ಲ. ಅದರ ಜೊತೆಗೆ ಕಾಗದದಲ್ಲಿ ಏನು ಬರೆದಿದೆ ಎಂದು ಓದಿ ಸಹಿ ಹಾಕುವುದನ್ನೂ, ಓದಿದ್ದು ನಿಜವಲ್ಲವೆನಿಸಿದರೆ ನಿಜವನ್ನು ಪಕ್ಕದಲ್ಲಿ ಬರೆಯುವುದನ್ನೂ ಹೇಳಿಕೊಡಬೇಕು. ಅದಕ್ಕೆ ಬೆಲೆ ತೆರಬೇಕಾಗಬಹುದು ಎಂಬುದನ್ನು ಮುಚ್ಚಿಡಬಾರದು. ತಂಗಿಯ ಮಗಳು ಬೆಲೆ ತೆತ್ತಿದ್ದಾಳೆ. ಈಗಲೂ ಅದೇ ಕಂಪನಿಯಲ್ಲಿ, ಅದೇ ಹುದ್ದೆಯಲ್ಲಿದ್ದಾಳೆ. ಅವಳ ತಂಡದಿಂದ ಹೊರಡುವ ಪ್ರತಿಯೊಂದು ವರದಿಯ ಕೆಳಗೂ ಆ ಖಾಲಿ ಗೆರೆ ಇರುತ್ತದೆಯಂತೆ.