ದೊಡ್ಡ ಬ್ಯಾಂಡಿನವನ ಚಿಕ್ಕ ಬ್ಯಾಂಡು

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಭಾರತದಲ್ಲಿ ಮೊದಲ ಸಲ ನುಡಿಸಿತು. 1975ರಲ್ಲಿ ಆ ಬ್ಯಾಂಡ್ ಕಟ್ಟಿದವನು ಬೇಸ್ ಗಿಟಾರಿನ ಸ್ಟೀವ್ ಹ್ಯಾರಿಸ್. ಅದೇ ಹ್ಯಾರಿಸ್ 2012ರಲ್ಲಿ, ತನ್ನ 56ನೇ ವಯಸ್ಸಿಗೆ, 'ಬ್ರಿಟಿಷ್ ಲಯನ್' ಅಂತ ಬೇರೆಯೇ ಒಂದು ಆಲ್ಬಂ ತಂದ. ಮೇಡನ್‌ನ ಕುದುರೆ ಓಟದ ಬೇಸ್ ಇಲ್ಲಿ ಅಷ್ಟಾಗಿ ಇಲ್ಲ. ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್‌ನ ಗುಂಗಿರುವ, ರಾಗಕ್ಕೆ ಒಲಿದ ಹಾಡುಗಳು. ಸ್ಟೇಡಿಯಂ ತುಂಬಿಸುವ ಮನುಷ್ಯ ಇವನ್ನು ನುಡಿಸೋಕೆ ಚಿಕ್ಕ ಚಿಕ್ಕ ಕ್ಲಬ್ಬುಗಳಿಗೆ ಹೋದ.

'ಇವನಿಗೆ ಇದೆಲ್ಲ ಯಾಕೆ ಬೇಕಿತ್ತು?' ಅನ್ನೋದು ನನಗೆ ಅಷ್ಟು ದೊಡ್ಡ ಪ್ರಶ್ನೆ ಅಲ್ಲ. ಬೇಕು ಅನ್ನಿಸಿತು, ಮಾಡಿದ. ನನ್ನನ್ನು ಕಾಡೋದು ಅವನ ಪಕ್ಕದಲ್ಲಿ ನಿಂತವರು. ಮೊದಲ ಆಲ್ಬಂ 2012ಕ್ಕೆ, ಎರಡನೆಯದು 2020ಕ್ಕೆ. ನಡುವೆ ಎಂಟು ವರ್ಷ. ಹ್ಯಾರಿಸ್‌ಗೆ ಆ ಎಂಟು ವರ್ಷದಲ್ಲಿ ಮೇಡನ್ ಇತ್ತು. ರಿಚರ್ಡ್ ಟೇಲರ್ ಥರದ ಹಾಡುಗಾರನಿಗೆ ಅಂಥ ಇನ್ನೊಂದು ಮೇಡನ್ ಇರಲಿಲ್ಲ. ಒಬ್ಬನಿಗೆ ಪಕ್ಕದ ಕೆಲಸ ಆದದ್ದು ಇನ್ನೊಬ್ಬನಿಗೆ ಮುಖ್ಯ ಕೆಲಸ ಆಗಿರಬಹುದಲ್ವಾ? ಆಗ ಅವರಿಬ್ಬರ ನಡುವೆ ನ್ಯಾಯ ಅಂದರೆ ಏನು?

2022ರಲ್ಲಿ ಮೂನ್‌ಲೈಟಿಂಗ್ ಕಾರಣಕ್ಕೆ ವಿಪ್ರೋ 300 ಜನರನ್ನು ಕೆಲಸದಿಂದ ತೆಗೆದಾಗ ನಮ್ಮ ಕ್ಯಾಂಟೀನುಗಳಲ್ಲಿ ಜೋರು ಚರ್ಚೆ ಆಯ್ತು. ಸಂಬಳ ಕೊಡೋ ಕಂಪನಿಗೆ ಮೋಸ ಆಯ್ತಾ, ಇಲ್ವಾ? ನಾವು ವಾದ ಮಾಡಿದ್ದೆಲ್ಲ ಅದರ ಮೇಲೇ. ಪಕ್ಕದ ಕೆಲಸದಲ್ಲಿ ಜೊತೆಗಿದ್ದವರಿಗೆ ನಾವೇನು ಬಾಕಿ ಅಂತ ಯಾರೂ ಕೇಳಿದ ನೆನಪಿಲ್ಲ.

ನಮ್ಮ ಯಸಳೂರು ಕಡೆ ನಾಟಿ ಕಾಲದ ಮುಯ್ಯಾಳು ಪದ್ಧತಿ ಈ ಪ್ರಶ್ನೆಗೆ ಹತ್ತಿರ ಬರುತ್ತೆ. ನೀವು ನಮ್ಮ ಗದ್ದೆಗೆ ಒಂದು ದಿನ ಬಂದ್ರೆ, ನಾವು ನಿಮ್ಮ ಗದ್ದೆಗೆ ಒಂದು ದಿನ. ಮೂರೆಕರೆಯವನದ್ದೂ ದಿನವೇ, ಹತ್ತು ಗುಂಟೆಯವನದ್ದೂ ದಿನವೇ. 'ನಿನ್ನದು ಚಿಕ್ಕ ಗದ್ದೆ, ನಮ್ಮದೆಲ್ಲ ಮುಗಿಯಲಿ, ಆಮೇಲೆ ನೋಡೋಣ' ಅನ್ನೋ ಹಾಗಿಲ್ಲ. ಮಡಿಯಲ್ಲಿ ಬಲಿತ ಸಸಿ ಯಾರಿಗೂ ಕಾಯಲ್ಲ. ಹತ್ತು ಗುಂಟೆಯವನಿಗೆ ವರ್ಷದ ಅಕ್ಕಿ ಅಂದ್ರೆ ಅದಷ್ಟೇ.

ಹಾಗಂತ ದೊಡ್ಡ ಗದ್ದೆಯವನು ತನ್ನದನ್ನು ಪಾಳು ಬಿಡಬೇಕಾಗಿಲ್ಲ. ಹ್ಯಾರಿಸ್ ಮೇಡನ್ ಬಿಡಬೇಕಿತ್ತು ಅಂತಲೂ ನಾನು ಹೇಳ್ತಿಲ್ಲ. ಎಷ್ಟು ದಿನ ಕೊಡ್ತೀವಿ ಅನ್ನೋದು ಅವರವರ ಶಕ್ತಿ. ಆದರೆ ಕೊಡ್ತೀನಿ ಅಂದ ದಿನ ನಮ್ಮದಲ್ಲ, ಅವರದ್ದು.

ಬ್ರಿಟಿಷ್ ಲಯನ್‌ನ ಡ್ರಮ್ಮರ್ ಸೈಮನ್ ಡಾಸನ್‌ಗೆ 2025ರಲ್ಲಿ ಮೇಡನ್ ಜೊತೆಗೇ ಪ್ರವಾಸ ಹೋಗೋ ಅವಕಾಶ ಸಿಕ್ಕಿತು. 'ನೋಡಿ, ಕಾದವನಿಗೆ ಫಲ ಸಿಕ್ತು' ಅನ್ನಬಹುದು. ಡಾಸನ್ ವಿಷಯದಲ್ಲಿ ನನಗೂ ಖುಷಿಯೇ. ಆದರೆ ಡ್ರಮ್ಸ್ ಮುಂದೆ ಇರೋದು ಒಂದೇ ಸ್ಟೂಲು. ಒಬ್ಬನಿಗೆ ಬಂದ ಅದೃಷ್ಟದಿಂದ ಎಲ್ಲರ ಬಾಕಿ ತೀರಲ್ಲ.

ಇದು ನನಗೆ ಬರೀ ಸಂಗೀತದ ಮಾತಲ್ಲ. ಕಂಪನಿಗೆ ತಿಳಿಸಿ, ಒಪ್ಪಿಗೆ ತಗೊಂಡು, ಇಬ್ಬರು ಗೆಳೆಯರ ಜೊತೆ ಒಂದು ಆ್ಯಪ್ ಮಾಡ್ತಿದ್ದೀನಿ. ತೋಟದವರು ಮಳೆಯ ಇಂಚು-ಸೆಂಟು, ಆಳಿನ ಲೆಕ್ಕ ಬರೆದಿಡೋಕೆ. ನನಗದು ಶನಿವಾರದ ಖುಷಿ. ಇಬ್ಬರಲ್ಲಿ ಒಬ್ಬ ಇದನ್ನೇ ನಂಬಿ ಕೆಲಸ ಬಿಟ್ಟಿದ್ದಾನೆ. ಅವನಿಗದು ಮನೆ ಬಾಡಿಗೆ. ಅವನಿಗೆ ಹೇಳಿದ್ದೀನಿ: ತಿಂಗಳಿಗೆ ಎರಡೇ ಶನಿವಾರ ಕಣೋ, ಆದರೆ ಆ ಎರಡು ತಪ್ಪಲ್ಲ. ನಾಲ್ಕು ಹೇಳಿ ಎರಡು ಕೈಕೊಡೋದಕ್ಕಿಂತ ಇದು ವಾಸಿ. ಅವನು ಮಿಕ್ಕ ದಿನಗಳಿಗೆ ಬೇರೆ ದಾರಿ ನೋಡಿಕೊಳ್ಳಬಹುದು.

ನಿಮ್ಮದೂ ಒಂದು ಪಕ್ಕದ ಕೆಲಸ ಇರಬಹುದು. ನಾಟಕದ ರಿಹರ್ಸಲ್ಲೋ, ಪಾಡ್‌ಕಾಸ್ಟೋ, ಸ್ಟಾರ್ಟಪ್ಪೋ. 'ನನಗೆ ಟೈಮ್ ಇದೆಯಾ?' ಅಂತ ಆಮೇಲೆ ಕೇಳಿಕೊಳ್ಳಿ. ಅದಕ್ಕೂ ಮೊದಲು, ಅಲ್ಲಿ ಯಾರಿಗೆ ಅದು ಪಕ್ಕದ ಕೆಲಸ ಅಲ್ಲ ಅಂತ ನೋಡಿ. ದಿನದ ಲೆಕ್ಕ ಅವರಿಂದ ಶುರುವಾಗಲಿ.