ಮೂರನೇ ದರ್ಜೆಯ ಮಣ್ಣು

ಸತ್ತ ಮೇಲೆ ಎಲ್ಲರೂ ಸಮಾನರು ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ಇಂಗ್ಲೆಂಡಿನ ಬ್ರೂಕ್‌ವುಡ್ ದಫನಭೂಮಿಯ ಚರಿತ್ರೆ ಓದಿದರೆ ಆ ಸುಲಭತನ ಉಳಿಯುವುದಿಲ್ಲ.

1848-49ರ ಕಾಲರಾ ಲಂಡನ್ನಿನಲ್ಲಿ ಸುಮಾರು 14 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗವಿರಲಿಲ್ಲ. ಆಗ ಖಾಸಗಿ ಕಂಪೆನಿಯೊಂದು ನಗರದಿಂದ ದೂರ, ವೋಕಿಂಗ್ ಬಳಿ ಸುಮಾರು ಎರಡು ಸಾವಿರ ಎಕರೆ ಕುರುಚಲು ಬಯಲನ್ನು ಕೊಂಡು 1854ರಲ್ಲಿ ದಫನ ಆರಂಭಿಸಿತು. ಅಮೆರಿಕ ಮೂಲದ ದೈತ್ಯ ಸಿಕ್ವಾಯಾ ಮರಗಳನ್ನು ಸಾಲಾಗಿ ನೆಡಿಸಿತು. ಶವಗಳನ್ನು ಒಯ್ಯಲು ವಾಟರ್‌ಲೂ ಬಳಿಯಿಂದ ಪ್ರತ್ಯೇಕ ರೈಲನ್ನೇ ಓಡಿಸಿತು. ಅದರಲ್ಲಿ ಬಂಧುಗಳಿಗೂ ಮೂರು ದರ್ಜೆ, ಶವಪೆಟ್ಟಿಗೆಗೂ ಮೂರು ದರ್ಜೆ. ಬಂಧುಗಳಿಗೆ ಹೋಗಿಬರುವ ಟಿಕೆಟು, ಶವಕ್ಕೆ ಹೋಗುವುದು ಮಾತ್ರ! ಮೊದಲ ದರ್ಜೆಯ ಶವಕ್ಕೆ ಒಂದು ಪೌಂಡ್, ಮೂರನೆಯದಕ್ಕೆ ಎರಡೂವರೆ ಶಿಲಿಂಗ್. ಇಳಿಯಲು ಆಂಗ್ಲಿಕನ್ನರಿಗೊಂದು ನಿಲ್ದಾಣ, ಉಳಿದವರಿಗೆ ಇನ್ನೊಂದು.

ನಗು ಬರುತ್ತದೆ. ಆದರೆ ಒಂದೇ ಗುಂಡಿಗೆ ಹಲವು ಬಡವರ ಹೆಣಗಳನ್ನು ಇಳಿಸುತ್ತಿದ್ದ ಆ ಕಾಲದಲ್ಲಿ ಇದೇ ಕಂಪೆನಿ ಕಡುಬಡವನಿಗೂ ಪ್ರತ್ಯೇಕ ಗೋರಿ ಕೊಟ್ಟಿತು. ಅದರ ಮೇಲೆ ಶಾಶ್ವತ ಕಲ್ಲು ನಿಲ್ಲಿಸಲು ಮಾತ್ರ ಅನುಮತಿ ಇರಲಿಲ್ಲ. ಕಲ್ಲಿಲ್ಲದ ಗೋರಿ ನಮ್ಮ ದೃಷ್ಟಿಯಲ್ಲಿ ಅವಮಾನವೇನಲ್ಲ. ಖಬರಸ್ತಾನದಲ್ಲಿ ಅಮೃತಶಿಲೆ ಹಾಸಿಸುವ ನಮ್ಮವರು ಇದನ್ನು ಮರೆತಿದ್ದಾರೆ, ಅಷ್ಟೆ.

ಅಲ್ಲಿ ಪಾರ್ಸಿಗಳ ಭಾಗವೂ ಇದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕನಸು ಕಂಡ ಜಮ್‌ಶೆಡ್‌ಜಿ ಟಾಟಾ 1904ರಿಂದ ಅಲ್ಲಿದ್ದಾರೆ. ಮುಸ್ಲಿಮರ ಭಾಗದಲ್ಲಿ ಕುರ್‌ಆನಿನ ಇಬ್ಬರು ಇಂಗ್ಲಿಷ್ ಅನುವಾದಕರಿದ್ದಾರೆ. 1936ರಲ್ಲಿ ತೀರಿಕೊಂಡ ಮಾರ್ಮಡ್ಯೂಕ್ ಪಿಕ್ತಾಲ್ ಒಬ್ಬರು. ಇನ್ನೊಬ್ಬರು ಅಬ್ದುಲ್ಲಾ ಯೂಸುಫ್ ಅಲಿ.

ಯೂಸುಫ್ ಅಲಿ ಮುಂಬೈಯಲ್ಲಿ ಹುಟ್ಟಿದವರು, ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಅವರ ಅನುವಾದ ಇಂದು ಲಕ್ಷಾಂತರ ಮನೆಗಳ ಕಪಾಟಿನಲ್ಲಿದೆ. 1953ರ ಡಿಸೆಂಬರಿನಲ್ಲಿ, 81ರ ವಯಸ್ಸಿನಲ್ಲಿ, ಅವರು ಲಂಡನ್ನಿನ ಒಂದು ಮನೆಯ ಮೆಟ್ಟಿಲ ಮೇಲೆ ದಿಕ್ಕಿಲ್ಲದವರಂತೆ ಪೊಲೀಸರ ಕಣ್ಣಿಗೆ ಬಿದ್ದರು. ಮರುದಿನವೇ ತೀರಿಕೊಂಡರು. ಸತ್ತ ಮೇಲೆ ಪಾಕಿಸ್ತಾನದ ಹೈಕಮಿಷನ್ ಮುಂದೆ ಬಂದು ದಫನದ ಏರ್ಪಾಡು ಮಾಡಿತು.

ಶವಸಂಸ್ಕಾರ ಫರ್ಝ್ ಕಿಫಾಯ, ಅಂದರೆ ಕೆಲವರು ನೆರವೇರಿಸಿದರೆ ಉಳಿದವರ ಹೊಣೆ ಕಳೆಯುತ್ತದೆ. ಯೂಸುಫ್ ಅಲಿಯವರ ವಿಷಯದಲ್ಲಿ ಆ ಹೊಣೆ ಕಳೆಯಿತು. ಆದರೆ ಹಿಂದಿನ ದಿನ, ಆ ಮೆಟ್ಟಿಲ ಚಳಿಯಲ್ಲಿ, ಹೊಣೆ ಯಾರದಾಗಿತ್ತು? ನಿರ್ಗತಿಕನಿಗೆ ಅನ್ನ, ಆಸರೆ ಕೊಡುವುದನ್ನೂ ನಮ್ಮ ಫಿಕ್‌ಹ್ ವಿದ್ವಾಂಸರು ಇದೇ ಹೊಣೆಯಲ್ಲಿ ಸೇರಿಸಿದ್ದಾರೆ. ಜನಾಝಾ ಇದೆಯೆಂದು ಮಸೀದಿಯ ಮೈಕಿನಲ್ಲಿ ಕರೆ ಬಂದರೆ ನಾವು ಅಂಗಡಿ ಮುಚ್ಚಿ ಓಡುತ್ತೇವೆ. ಆ ಇನ್ನೊಂದು ಫರ್ಝ್‌ಗೆ ಮೈಕಿನಲ್ಲಿ ಯಾರೂ ಕರೆ ಕೊಡುವುದಿಲ್ಲ.