ಹಿಂಸೆಯ ಆರಂಭ ಎಲ್ಲಿ?

ಅಹಿಂಸೆಯೇ ಪರಮಧರ್ಮವೆಂಬುದನ್ನು ಒಪ್ಪದ ಜೈನನಿಲ್ಲ. ಆದರೆ ಹಿಂಸೆಯು ಯಾವ ಕ್ಷಣದಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ಬಾಣವು ಮೃಗಕ್ಕೆ ತಾಗಿದಾಗಲೋ, ಹೆದೆಯಿಂದ ಚಿಮ್ಮಿದಾಗಲೋ, ಅದರ ಮೊನೆಯನ್ನು ಮಸೆದಾಗಲೋ? ವಿದೇಶದಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳ ಮುಂದೆ ಈ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಬಂದು ನಿಲ್ಲಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಮೆರಿಕದಲ್ಲಾದರೋ ರೈಫಲಿನ ತೋಟಾಗಳನ್ನು ಮನೆಯಲ್ಲೇ ಸಿದ್ಧಪಡಿಸಿಕೊಳ್ಳುವುದು ಅನೇಕರ ಹವ್ಯಾಸ.

ಒಮ್ಮೆ ಸಿಡಿದ ತೋಟಾದ ಹಿತ್ತಾಳೆಯ ಕವಚ ವ್ಯರ್ಥವಾಗುವುದಿಲ್ಲ. ಅದಕ್ಕೆ ಹೊಸ ಮದ್ದು, ಹೊಸ ಗುಂಡು ತುಂಬಬಹುದು. ಅದರ ಬಾಯನ್ನು ಕಿರಿದುಗೊಳಿಸಿ ಬೇರೆ ರೈಫಲಿಗೂ ಹೊಂದಿಸಬಹುದು. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ‘ಥರ್ಟಿ-ಆಟ್-ಸಿಕ್ಸ್’ ತೋಟಾದ ಗುಂಡಿನ ವ್ಯಾಸ 0.308 ಅಂಗುಲ. ಅದೇ ಕವಚದ ಕತ್ತನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ 0.257 ಅಂಗುಲದ ಗುಂಡಿಗೆ ಹೊಂದಿಸಿದರೆ ‘ಟ್ವೆಂಟಿಫೈವ್-ಆಟ್-ಸಿಕ್ಸ್’ ಆಗುತ್ತದೆ. ಹವ್ಯಾಸಿಗಳು ಬಹುಕಾಲ ಕೈಯಿಂದಲೇ ಮಾಡಿಕೊಳ್ಳುತ್ತಿದ್ದ ಈ ತೋಟಾವನ್ನು 1969ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದಿತು.

ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕು. ಒತ್ತಿದ ಹಿತ್ತಾಳೆ ಬಿರುಸಾಗಿ ಸೀಳುವುದರಿಂದ ಕತ್ತನ್ನು ಕಾಯಿಸಿ ಮೆದುಗೊಳಿಸಬೇಕು. ಸ್ಫೋಟದ ಒತ್ತಡ ತಡೆಯುವ ಬುಡಕ್ಕೆ ಮಾತ್ರ ಆ ಶಾಖ ತಟ್ಟಬಾರದು. ಕಿರಿದಾದ ಕತ್ತು ದಪ್ಪವಾಗುತ್ತದೆ. ಅದನ್ನು ಹೆರೆಯದಿದ್ದರೆ ಗುಂಡು ಸಲೀಸಾಗಿ ಬಿಡದೆ ಒತ್ತಡವೇರಿ ರೈಫಲೇ ಒಡೆಯಬಹುದು. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗಬೇಕು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಹೀಗೆ ಕುಳಿತು ದುಡಿಯುವವನಲ್ಲಿ ಮಿತವ್ಯಯವಿದೆ, ಏಕಾಗ್ರತೆಯಿದೆ, ಎಚ್ಚರವಿದೆ. ಪ್ರಮಾದದಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯಾದರೆ, ಇಷ್ಟು ಅಪ್ರಮತ್ತನಾದವನಲ್ಲಿ ದೋಷವೆಲ್ಲಿ ಎಂದು ಯಾರಾದರೂ ಕೇಳಬಹುದು.

ಇಲ್ಲಿಯೇ ವಿವೇಕ ಬೇಕು. ಆಗಮವು ಹೇಳುವ ಪ್ರಮಾದವು ಕೈತಪ್ಪು ಮಾತ್ರವಲ್ಲ; ಕಷಾಯಕ್ಕೆ ವಶವಾದ ಮನಸ್ಸಿನ ಮರೆವು ಅದು. ತೋಟಾ ಸಿದ್ಧಪಡಿಸುವವನ ಎಚ್ಚರವು ತನ್ನ ಕಣ್ಣು, ತನ್ನ ಕೈ, ತನ್ನ ರೈಫಲಿನ ರಕ್ಷಣೆಗಾಗಿ. ಗುಂಡಿನ ಎದುರಿಗಿರುವ ಜೀವದ ಬಗೆಗೆ ಆ ಎಚ್ಚರ ಏನನ್ನೂ ಹೇಳುವುದಿಲ್ಲ. ಬೇಟೆಗೆ ಹೊರಟವನಲ್ಲಿ ಆ ಎಚ್ಚರ ಹೆಚ್ಚಿದಷ್ಟೂ ಗುರಿ ತಪ್ಪದು, ಜಿಂಕೆ ಉಳಿಯದು. ಕುಶಲತೆ ಬೇರೆ, ಯತ್ನಾಚಾರ ಬೇರೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವದ ಅಧಿಕರಣವನ್ನು ಜೀವ, ಅಜೀವವೆಂದು ಎರಡಾಗಿ ವಿಭಾಗಿಸುತ್ತದೆ. ಅಜೀವಾಧಿಕರಣದಲ್ಲಿ ನಿರ್ವರ್ತನ, ನಿಕ್ಷೇಪ, ಸಂಯೋಗ, ನಿಸರ್ಗಗಳಿವೆ. ಕವಚಕ್ಕೆ ರೂಪ ಕೊಡುವುದು ನಿರ್ವರ್ತನ. ಮದ್ದು, ಗುಂಡುಗಳನ್ನು ಕೂಡಿಸುವುದು ಸಂಯೋಗ. ಕುದುರೆಯೆಳೆಯುವ ಬೆರಳಿನ ಚಲನೆ ನಿಸರ್ಗ. ನಿಕ್ಷೇಪವೆಂದರೆ ವಸ್ತುವನ್ನು ಇಡುವುದು. ನೋಡದೆ, ಅವಸರದಿಂದ ಇಡುವುದೂ ಅದರ ಭೇದಗಳು. ಮಾರ್ಪಡಿಸಿದ ಕವಚದ ಬುಡದಲ್ಲಿ ಹಳೆಯ ತೋಟಾದ ಹೆಸರೇ ಉಳಿದಿರುತ್ತದೆ. ಗುರುತು ಹಚ್ಚದೆ ಇಟ್ಟರೆ ಮತ್ತೊಬ್ಬನು ಅದನ್ನು ಬೇರೆ ರೈಫಲಿಗೆ ತುಂಬಿ ಅಪಾಯಕ್ಕೀಡಾಗಬಹುದು. ಹಿತ್ತಾಳೆಯ ಮೇಲಿನ ಸುಳ್ಳು ಹೆಸರೂ ಹಿಂಸೆಗೆ ದಾರಿಯಾಗುತ್ತದೆ.

ಜೀವಾಧಿಕರಣದ ವಿವರಣೆ ಇನ್ನೂ ಸೂಕ್ಷ್ಮ. ಸಂರಂಭವೆಂದರೆ ಸಂಕಲ್ಪ, ಸಮಾರಂಭವೆಂದರೆ ಸಾಧನಗಳ ಸಂಗ್ರಹ, ಆರಂಭವೆಂದರೆ ಕಾರ್ಯದ ಪ್ರವೃತ್ತಿ. ಈ ಮೂರನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮೋದನೆಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಜಪಮಾಲೆಯ ಮಣಿಗಳಿಗೂ ಈ ಎಣಿಕೆಗೂ ಸಂಬಂಧ ಹೇಳುವ ವಾಡಿಕೆಯುಂಟು. ಬೇಟೆಯನ್ನು ನೆನೆದು ಮೇಜಿನ ಮುಂದೆ ಅಚ್ಚನ್ನು ಒತ್ತುವವನು ಇನ್ನೂ ಯಾವ ಪ್ರಾಣಿಯನ್ನೂ ಕೊಂದಿಲ್ಲ. ಆದರೂ ಸಮಾರಂಭದಲ್ಲಿ ಕಾಲಿಟ್ಟಾಗಿದೆ. ಬಲೆ ಬೀಸಿ ಮೀನು ಸಿಗದ ಬೆಸ್ತನೂ ಹಿಂಸಕ, ಉಳುವಾಗ ಜೀವಿಗಳು ಸತ್ತರೂ ರೈತನು ಅವನಂತಲ್ಲ ಎಂಬ ಪ್ರಸಿದ್ಧ ದೃಷ್ಟಾಂತ ಇದನ್ನೇ ಸಾರುತ್ತದೆ.

ಹಾಗಾದರೆ ಕಾಗದದ ಗುರಿಗೆ ಮಾತ್ರ ಹೊಡೆಯುವ ಕ್ರೀಡಾಪಟುವೂ ಬೇಟೆಗಾರನೂ ಸಮಾನರೇ? ಅಲ್ಲ. ಅನೇಕಾಂತ ದೃಷ್ಟಿಗೆ ಭಾವಭೇದವೇ ಪ್ರಮಾಣ. ಕ್ರೀಡಾಪಟುವಿನಲ್ಲಿ ಸಂಕಲ್ಪೀ ಹಿಂಸೆಯಿಲ್ಲ. ಆದರೆ ಅವನಿಗೂ ಒಂದು ಮಾತು ಉಳಿದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಹಿಂಸಾದಾನವನ್ನೂ ಸೇರಿಸಿದ್ದಾರೆ. ಕತ್ತಿಯ ಜೊತೆಗೆ ಗುದ್ದಲಿಯೂ ಬೆಂಕಿಯೂ ಆ ಪಟ್ಟಿಯಲ್ಲಿವೆ. ವಸ್ತು ಉಪಯುಕ್ತವಾದರೂ ನಿಷ್ಪ್ರಯೋಜನವಾಗಿ ಪರರ ಕೈಗೆ ಕೊಟ್ಟರೆ ಅದು ಅನರ್ಥದಂಡವೇ. ಸ್ನೇಹಕ್ಕಾಗಿ ಬೇಟೆಗಾರನಿಗೆ ತೋಟಾ ಸಿದ್ಧಪಡಿಸಿಕೊಟ್ಟವನು, ತಾನು ಗುಂಡು ಹಾರಿಸಲಿಲ್ಲವೆಂದು ತಪ್ಪಿಸಿಕೊಳ್ಳಲಾರನು.

ಹಿತ್ತಾಳೆಯೇ ಒಂದು ಪಾಠ ಕಲಿಸುತ್ತದೆ. ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ ಮಳೆಗಾಲ ಕಳೆಯುವತನಕ ಕುದುರೆಲಾಯಗಳಲ್ಲಿ ಇಟ್ಟ ತೋಟಾಗಳ ಕವಚಗಳು, ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಒತ್ತಿ ರೂಪಿಸುವಾಗ ಲೋಹದೊಳಗೆ ಉಳಿದ ಬಿಗುಪಿಗೆ ಲಾಯದ ಅಮೋನಿಯಾ ಸೇರಿದ್ದೇ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಕಷಾಯವೂ ಹಾಗೆಯೇ, ಒಳಗೆ ಬಿಗಿದುಕೊಂಡಿದ್ದು, ನಿಮಿತ್ತ ಒದಗಿದಾಗ ಬಿರಿಯುತ್ತದೆ.

ಹಿತ್ತಾಳೆ ಅಜೀವ, ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಬಸದಿಯ ದೀಪಕ್ಕೂ ತೋಟಾದ ಕವಚಕ್ಕೂ ಬಳಕೆಯಾಗುವುದು ತಾಮ್ರ-ಸತುಗಳ ಮಿಶ್ರಣವೇ. ಹಾರಿದ ಗುಂಡನ್ನು ಯಾವ ಪಶ್ಚಾತ್ತಾಪವೂ ಹಿಂದಕ್ಕೆ ಕರೆಯಲಾರದು. ಮೇಜಿನ ಮೇಲಿನ ಖಾಲಿ ಕವಚವನ್ನಾದರೋ ಕೆಳಗಿಡಬಹುದು. ವ್ರತಿಯಾದ ಶ್ರಾವಕನು ತನ್ನನ್ನು ಪರೀಕ್ಷಿಸಿಕೊಳ್ಳಬೇಕಾದುದು ಆ ಮೇಜಿನ ಮುಂದೆಯೇ. ಹಿಂದಿರುಗುವ ದಾರಿ ಅಲ್ಲಿ ಇನ್ನೂ ತೆರೆದಿರುತ್ತದೆ.